ಮಿಕ್ಕ ಅಕ್ಕಿ, ಸಲ್ಲಬೇಕಾದ ಕೂಲಿ

ದುಡಿಮೆಯನ್ನು ಪೂಜೆಯೆಂದು ಬಗೆದ ಮೇಲೆ ಅದಕ್ಕೆ ಕೂಲಿ ಕೇಳುವುದು ಭಕ್ತಿಗೆ ಕುಂದಾಗುತ್ತದೆಯೇ ಎಂಬ ಪ್ರಶ್ನೆ ರಾಯಚೂರು ಸೀಮೆಯಲ್ಲಿ ಬರಿಯ ತತ್ತ್ವಚರ್ಚೆಯಾಗಿ ಉಳಿದಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು, ಎಂದರೆ ದುಡಿದು ಪಡೆದುದನ್ನು ತನ್ನದೆಂಬ ಭಾವವಿಲ್ಲದೆ ಇತರರೊಡನೆ ಹಂಚಿ ಉಣ್ಣುವುದು, ಅವಳ ಮತ್ತು ಪತಿ ಮಾರಯ್ಯನ ಕಾಯಕವಾಗಿತ್ತು. ಪರಂಪರೆಯ ಕಥೆಯಂತೆ, ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಪ್ರಸಿದ್ಧ ಮಾತು ಮಾರಯ್ಯನ ವಚನದ್ದೇ ಆದರೂ, ಕಾಯಕಕ್ಕೆ ಒಂದು ಅಳತೆಯಿದೆಯೆಂದು ಅವನಿಗೆ ನೆನಪಿಸಿದವಳು ಅವಳು.

ಈ ನಿರಾಕರಣೆಯನ್ನು ಬರಿಯ ಸಂತೃಪ್ತಿಯ ಪಾಠವಾಗಿ ಓದುವುದು, ಅದರಲ್ಲೂ ಹೊಟ್ಟೆ ತುಂಬದ ಕೂಲಿಯವರಿಗೆ ಅದನ್ನು ಬೋಧಿಸುವುದು, ಲಕ್ಕಮ್ಮನಿಗೆ ಮಾಡುವ ಅನ್ಯಾಯ. ಸಲ್ಲುವಷ್ಟು ಎಂಬ ಅಳತೆಯನ್ನು ಒಪ್ಪಿದವರಿಗೆ ಮಿಕ್ಕದ್ದನ್ನು ಬಿಡುವುದು ಹೇಗೆ ಧರ್ಮವೋ, ಕಡಿಮೆ ಬಿದ್ದದ್ದನ್ನು ಕೇಳಿ ಪಡೆಯುವುದೂ ಹಾಗೆಯೇ ಧರ್ಮ; ಬಿಟ್ಟುಕೊಡುವ ಅಧಿಕಾರ ದುಡಿದವಳದೇ ಹೊರತು ಅವಳ ಕೂಲಿಯನ್ನು ಹಿಡಿದಿಟ್ಟುಕೊಂಡವನದಲ್ಲ. ಲಕ್ಕಮ್ಮ ಸಾಕೆನ್ನಲು ಸಾಧ್ಯವಾದದ್ದು ಅಳತೆ ಅವಳ ಕೈಯಲ್ಲಿದ್ದುದರಿಂದ. ಹೊಲದ ಆಳಿಗೆ ಆ ಸ್ವಾತಂತ್ರ್ಯವಿಲ್ಲ. ಅವಳ ದಿನದ ಬೆಲೆಯನ್ನು ಧಣಿ ಕಟ್ಟುತ್ತಾನೆ.

ಸಂಘಟನೆಯೆಂಬುದು ಆ ಅಳತೆಯನ್ನು ಮರಳಿ ಪಡೆಯುವ ಯತ್ನ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಮಾನ್ವಿ ಭಾಗದಲ್ಲಿ ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಬಹುಪಾಲು ಹೆಣ್ಣಾಳುಗಳ ದುಡಿಮೆ. ಅಲ್ಲಿಯ ಪೋತ್ನಾಳದಲ್ಲಿ ದಲಿತ ಕೂಲಿಕಾರ ಮಹಿಳೆಯರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯನ್ನು ಲಕ್ಕಮ್ಮನ ವಿಚಾರದ ಮುಂದುವರಿಕೆಯೆಂದೇ ಕಾಣಬೇಕು. ಸಲ್ಲಬೇಕಾದುದನ್ನು ಕೇಳುವ ಇಂಥವರಿಗೆ ಕಾನೂನಿನ ಆಸರೆಯೂ ಇತ್ತು: 1976ರ ಸಮಾನ ವೇತನ ಕಾಯಿದೆ ಕೂಲಿಯಲ್ಲಿ ಗಂಡಾಳು ಹೆಣ್ಣಾಳೆಂಬ ಭೇದವನ್ನು ಕಾಗದದ ಮೇಲೆ ಅಳಿಸಿತ್ತು. 2005ರ ಉದ್ಯೋಗ ಖಾತರಿ ಕಾಯಿದೆ ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸವನ್ನೂ, ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆಯನ್ನೂ ಹಕ್ಕಾಗಿಸಿದಾಗ, ಕೆಲಸ ಕೇಳುವುದು ಭಿಕ್ಷೆ ಬೇಡುವುದಲ್ಲವೆಂಬ ಮಾತಿಗೆ ಶಾಸನದ ಆಧಾರ ದೊರೆಯಿತು. ಆ ಯೋಜನೆಯಲ್ಲಿ ಕೂಲಿಕಾರರ ಗುಂಪನ್ನು ಮುನ್ನಡೆಸುವವರನ್ನು ಕರ್ನಾಟಕ ‘ಕಾಯಕ ಬಂಧು’ ಎಂದು ಕರೆಯಿತು. ಅಗೆದ ಮಣ್ಣಿನ ಉದ್ದ, ಅಗಲ, ಆಳಗಳ ಲೆಕ್ಕದ ಮೇಲೆಯೇ ಕೂಲಿ ನಿಲ್ಲುವ ಆ ಕೆಲಸದಲ್ಲಿ ಹಾಜರಿ ಬರೆದುಕೊಳ್ಳುವವಳು, ಅಳತೆ ಸರಿಯಿದೆಯೇ ಎಂದು ನೋಡುವವಳು ಅನೇಕ ಕಡೆ ತಾನೂ ಗುದ್ದಲಿ ಹಿಡಿದ ಹೆಣ್ಣುಮಗಳೇ.