ದಿಗ್ವ್ರತ ಮತ್ತು ಪರದೇಶದ ಅಧ್ಯಾಪಕ ವೃತ್ತಿ

ಮನುಷ್ಯನು ತನ್ನ ಸಂಚಾರಕ್ಕೆ ತಾನೇ ಎಲ್ಲೆಯನ್ನು ಹಾಕಿಕೊಳ್ಳುವುದು ಧರ್ಮದ ಒಂದು ಅಂಗವೆಂದು ಜೈನ ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳು. ಅವುಗಳಿಗೆ ಬಲವನ್ನು ತುಂಬುವವು ಮೂರು ಗುಣವ್ರತಗಳು. ಆ ಮೂರರಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದವರೆಗೆ ಮಾತ್ರ ಹೋಗುವೆನು, ಅದರಾಚೆಗೆ ಹೋಗೆನು ಎಂದು ಜೀವಿತಾವಧಿಗೆ ನಿಶ್ಚಯಿಸಿಕೊಳ್ಳುವುದು ಅದರ ಸ್ವರೂಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಲ್ಲೆಗೆ ಗುರುತಾಗಬಲ್ಲ ವಸ್ತುಗಳನ್ನು ಹೆಸರಿಸುವಾಗ ಸಮುದ್ರವನ್ನು ಮೊದಲು ಹೇಳಿ, ಅನಂತರ ನದಿ, ಅರಣ್ಯ, ಪರ್ವತ, ಜನಪದಗಳನ್ನು ಹೇಳುತ್ತಾರೆ.

ಇಂದು ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅನೇಕ ಮನೆಗಳಲ್ಲಿ ಆ ಸಮುದ್ರವನ್ನು ದಾಟುವ ಸಿದ್ಧತೆ ನಡೆಯುತ್ತಿರುತ್ತದೆ. ಹೋಗುವವರೆಲ್ಲರೂ ಗಣಕಯಂತ್ರದ ಉದ್ಯೋಗಿಗಳಲ್ಲ. ಕಲಿಸುವ ವೃತ್ತಿಯವರೂ ಇದ್ದಾರೆ. ಇಂತಹ ಒಂದು ಮನೆಯನ್ನು ವಿಚಾರಕ್ಕಾಗಿ ಊಹಿಸಿಕೊಳ್ಳಬಹುದು. ನಲವತ್ತರ ಪ್ರಾಯದ ಅಧ್ಯಾಪಕನೊಬ್ಬನಿಗೆ ಪರದೇಶದ ವಿಶ್ವವಿದ್ಯಾನಿಲಯದಿಂದ ಮೂರು ವರ್ಷದ ನೇಮಕಾತಿ ಪತ್ರ ಬಂದಿದೆ. ಮನೆಯಲ್ಲಿ ಹೆಂಡತಿ, ಏಳನೆಯ ತರಗತಿಯ ಮಗಳು, ಎಪ್ಪತ್ತು ದಾಟಿದ ತಂದೆ ತಾಯಿ ಇದ್ದಾರೆ. ಹೆಂಡತಿಯೂ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಈತ ಹೋಗಬಹುದೇ? ಹೋಗುವುದಾದರೆ ಧರ್ಮಕ್ಕೆ ಲೋಪ ಬಾರದಂತೆ ಹೋಗುವ ಬಗೆ ಯಾವುದು?

ಇಂತಹ ಸಂದರ್ಭದಲ್ಲಿ ಕೇಳಿಬರುವ ಮೊದಲ ಆಕ್ಷೇಪ, ಹಣದ ಆಸೆಗೆ ಊರು ಬಿಡುತ್ತಾನೆ ಎಂಬುದು. ಈ ಆಕ್ಷೇಪವನ್ನು ಎತ್ತುವ ಹಿರಿಯರು ತಮ್ಮ ಯೌವನವನ್ನು ನೆನೆದುಕೊಳ್ಳುವುದು ಒಳ್ಳೆಯದು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಬಿದ್ದಿತು. ಅಲ್ಲಿ ಮನೆ ಕಟ್ಟಿದವರಲ್ಲಿ ಬಹುಮಂದಿ ಮೂಡುಬಿದಿರೆ, ಹಾಸನ, ತುಮಕೂರು, ಬೆಳಗಾವಿ ಮುಂತಾದ ಕಡೆಗಳ ಹಳ್ಳಿಗಳಿಂದ ಬಂದವರು. ತೋಟವನ್ನೂ ಬಸದಿಯನ್ನೂ ಮುದಿ ತಾಯಂದಿರನ್ನೂ ಹಿಂದೆ ಬಿಟ್ಟು ಬಂದ ಪೀಳಿಗೆಗೆ, ಮುಂದಿನ ಪೀಳಿಗೆಯು ಇನ್ನಷ್ಟು ದೂರ ಹೋಗುವುದು ಪಾಪವೆಂದು ಹೇಳುವ ಅಧಿಕಾರವಿಲ್ಲ. ದೂರವನ್ನು ಮಾತ್ರ ಅಳೆದು ತೀರ್ಪು ಕೊಡುವುದಾದರೆ ಇಬ್ಬರೂ ತಪ್ಪಿತಸ್ಥರೇ.

ಎರಡನೆಯ ಆಕ್ಷೇಪ ವೃತ್ತಿಗೆ ಸಂಬಂಧಿಸಿದ್ದು: ವಿದ್ಯೆಯನ್ನು ವೇತನಕ್ಕೆ ಮಾರಬಹುದೇ ಎಂಬುದು. ಆದಿನಾಥನು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ವಾಣಿಜ್ಯದ ಪಕ್ಕದಲ್ಲಿಯೇ ವಿದ್ಯೆಯೂ ಜೀವನೋಪಾಯವಾಗಿ ನಿಂತಿದೆ. ಆದುದರಿಂದ ಕಲಿಸಿ ವೇತನ ಪಡೆಯುವುದು ದೋಷವಲ್ಲ. ಆದರೆ ವೇತನಕ್ಕೆ ಕಲಿಸಿ ಅದನ್ನು ಶಾಸ್ತ್ರದಾನವೆಂದು ಹೇಳಿಕೊಳ್ಳುವುದು, ವ್ಯಾಪಾರದ ಜಮೆಯನ್ನು ಧರ್ಮದ ಖಾತೆಗೆ ಬರೆದಂತೆ. ಒಪ್ಪಂದದ ಹೊರಗೆ, ಕೇಳಿದವರಿಗೆ ಪ್ರತಿಫಲವಿಲ್ಲದೆ ಕಲಿಸಿದುದು ಎಷ್ಟೋ ಅಷ್ಟು ಮಾತ್ರ ದಾನ. ಪರದೇಶಕ್ಕೆ ಹೊರಟ ಅಧ್ಯಾಪಕನು ತನ್ನ ಪ್ರಯಾಣಕ್ಕೆ ಜ್ಞಾನಪ್ರಸಾರವೆಂಬ ದೊಡ್ಡ ಹೆಸರನ್ನು ಇಡುವ ಮೊದಲು ಈ ಎರಡು ಖಾತೆಗಳನ್ನು ಬೇರೆ ಮಾಡಿಕೊಳ್ಳಬೇಕು.

ಈ ವಿಷಯದಲ್ಲಿ ಕನ್ನಡ ನಾಡಿನ ಇಬ್ಬರು ಜೈನ ವಿದ್ವಾಂಸರ ಬಾಳು ವಿಚಾರಯೋಗ್ಯವಾಗಿದೆ. ಪದ್ಮನಾಭ ಜೈನಿಯವರು 1923ರಲ್ಲಿ ಮೂಡುಬಿದಿರೆಗೆ ಸಮೀಪದ ನೆಲ್ಲಿಕಾರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಊರನ್ನು ಬಿಟ್ಟು ವಿದರ್ಭದ ಕಾರಂಜಾ ಗುರುಕುಲದಲ್ಲಿ ಓದಿದರು. ಪಾಲಿ ಭಾಷೆಗಾಗಿ ಸಿಂಹಳಕ್ಕೆ ಹೋದರು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಕಲಿಸಿ, 1956ರಲ್ಲಿ ಲಂಡನ್ನಿಗೆ ಅಧ್ಯಾಪಕರಾಗಿ ತೆರಳಿದರು. 1967ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೂ 1972ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಗೂ ಹೋದರು. 1979ರಲ್ಲಿ ಪ್ರಕಟವಾದ ಅವರ ‘ದಿ ಜೈನ ಪಾತ್ ಆಫ್ ಪ್ಯೂರಿಫಿಕೇಷನ್’ ಗ್ರಂಥವು ಇಂಗ್ಲಿಷ್ ಬಲ್ಲವರಿಗೆ ಜೈನಧರ್ಮದ ಪ್ರವೇಶದ್ವಾರವಾಯಿತು. 2021ರಲ್ಲಿ ಅವರು ಅಮೆರಿಕದಲ್ಲಿಯೇ ನಿಧನರಾದರು. ಮತ್ತೊಬ್ಬರು ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು. ಇವರು ತಮ್ಮ ಊರಿಗೆ ದೂರವಲ್ಲದ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದಶಕಗಳ ಕಾಲ ಅರ್ಧಮಾಗಧಿ ಕಲಿಸಿದರು. ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1935ರಲ್ಲಿ ಅವರು ಸಂಪಾದಿಸಿದ ಕುಂದಕುಂದಾಚಾರ್ಯರ ಪ್ರವಚನಸಾರವು ಸಮುದ್ರವನ್ನು ದಾಟಿ ವಿದೇಶದ ವಿದ್ವಾಂಸರ ಮೇಜನ್ನು ಸೇರಿತು.

ಒಬ್ಬರು ಹೋದರು, ಒಬ್ಬರು ಇದ್ದರು. ಇಬ್ಬರಿಂದಲೂ ಶಾಸ್ತ್ರಕ್ಕೆ ಉಪಕಾರವಾಯಿತು. ಹಾಗಿದ್ದಲ್ಲಿ ಹೋಗುವುದು ಮೇಲೋ ಇರುವುದು ಮೇಲೋ ಎಂಬ ಪ್ರಶ್ನೆಯನ್ನು ಭೂಪಟವನ್ನು ನೋಡಿ ಬಿಡಿಸಲಾಗದು. ಅಷ್ಟೇ ಅಲ್ಲ, ಪದ್ಮನಾಭ ಜೈನಿಯವರ ಪ್ರಯಾಣದ ಫಲ ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಹೊರಟ ಪ್ರತಿಯೊಬ್ಬನ ಪ್ರಯಾಣವೂ ಸಮರ್ಥನೀಯವಾಗದು. ಫಲವು ನಲವತ್ತು ವರ್ಷದ ಮೇಲೆ ತಿಳಿಯುವಂತಹುದು. ನಿರ್ಧಾರವನ್ನಾದರೋ ಈ ತಿಂಗಳು ಮಾಡಬೇಕು. ಇಂದು ಕೈಯಲ್ಲಿರುವ ಅಳತೆ ಯಾವುದು ಎಂಬುದೇ ಪ್ರಶ್ನೆ.

ಆ ಅಳತೆಯು ದಿಗ್ವ್ರತದ ಅತಿಚಾರಗಳಲ್ಲಿ ದೊರೆಯುತ್ತದೆ. ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಎಲ್ಲೆಯನ್ನು ಮೀರುವುದು ಮೊದಲ ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ, ಅಂದರೆ ಲೋಭವಶನಾಗಿ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಅಂದರೆ ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಮೊದಲ ಮೂರು ಕಾಲಿನ ದೋಷಗಳು. ಕೊನೆಯ ಎರಡು ಮನಸ್ಸಿನ ದೋಷಗಳು. ಪರದೇಶಕ್ಕೆ ಹೊರಟ ಗೃಹಸ್ಥನು ಅಂಜಬೇಕಾದುದು ವಿಶೇಷವಾಗಿ ಈ ಕೊನೆಯ ಎರಡಕ್ಕೆ. ಮೂರು ವರ್ಷಕ್ಕೆಂದು ಹೋದವನು ಮಗಳ ಶಾಲೆ ಮುಗಿಯಲಿ ಎಂದು ಐದು ಮಾಡುತ್ತಾನೆ. ಮನೆಯ ಸಾಲ ತೀರಲಿ ಎಂದು ಹತ್ತು ಮಾಡುತ್ತಾನೆ. ಇದು ಕ್ಷೇತ್ರವೃದ್ಧಿ. ಆಮೇಲೆ ಮೂರು ವರ್ಷವೆಂದು ಹೇಳಿದ್ದೇ ನೆನಪಿರುವುದಿಲ್ಲ. ಇದು ಸ್ಮೃತ್ಯಂತರಾಧಾನ. ಆದರೆ ಬನಶಂಕರಿಯ ಮನೆಯ ಜಗಲಿಯಲ್ಲಿ ಕುಳಿತ ತಾಯಿಗೆ ಅದು ನೆನಪಿರುತ್ತದೆ.

ಇಲ್ಲಿ ದಿಗ್ವ್ರತವು ಸತ್ಯಾಣುವ್ರತವನ್ನು ಬಂದು ಸೇರುತ್ತದೆ. ಕನ್ನಡದ ಮನೆಗಳಲ್ಲಿ ಹೊರಡುವವನು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ದಿನಸಿಗೆ ಹೋಗುವಾಗ ಆಡಿದ ಈ ಮಾತು ಶುಭಸೂಚಕ ರೂಢಿ ಮಾತ್ರ. ವಿಮಾನ ಏರುವ ಮಗನು ವೃದ್ಧ ತಂದೆಯ ಕಾಲು ಮುಟ್ಟಿ ಅದನ್ನೇ ಆಡಿದಾಗ ಅದು ವಚನವಾಗುತ್ತದೆ. ಮನಸ್ಸಿನಲ್ಲಿ ಖಾಯಂ ನೆಲೆಸುವ ಯೋಚನೆಯನ್ನು ಇಟ್ಟುಕೊಂಡು, ಮುದುಕರು ನೊಂದಾರೆಂದು ಬಾಯಲ್ಲಿ ಮೂರು ವರ್ಷವೆಂದರೆ ಅದು ಕರುಣೆಯಂತೆ ಕಾಣುವ ಅಸತ್ಯ. ಅದರಿಂದ ಆಗುವ ಹಿಂಸೆಯೂ ಸಣ್ಣದಲ್ಲ. ಮಗ ಬರುವುದಿಲ್ಲವೆಂದು ತಿಳಿದ ತಂದೆ ತಾಯಿ ತಮ್ಮ ಶಕ್ತಿ ಇರುವಾಗಲೇ ಬೇರೆ ಏರ್ಪಾಡು ಮಾಡಿಕೊಂಡಾರು. ಮಗಳ ಮನೆಯ ಹತ್ತಿರಕ್ಕೆ ಹೋದಾರು. ಮೇಲಂತಸ್ತಿನ ಮನೆ ಬಿಟ್ಟು ನೆಲಮಾಳಿಗೆಯ ಮನೆ ಹಿಡಿದಾರು. ಬರುತ್ತಾನೆಂದು ನಂಬಿದವರು ಅದೇ ಮೆಟ್ಟಿಲುಗಳನ್ನು ಹತ್ತುತ್ತ ಕಾಯುತ್ತಾರೆ. ಸುಳ್ಳು ಹೇಳಿದವನು ಅವರಿಂದ ಕಸಿದುಕೊಂಡಿದ್ದು ಸಿದ್ಧತೆಗೆ ಬೇಕಾದ ಆ ಕಾಲವನ್ನು.

ಹಣ ಕಳುಹಿಸುವುದರಿಂದ ಈ ಋಣ ತೀರಿತೆಂದು ತಿಳಿಯುವವರಿದ್ದಾರೆ. ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರ ಕಾನೂನು ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು ಮಕ್ಕಳ ಹೊಣೆಯೆಂದು ಹೇಳಿ, ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡಿಸಲು ಅವಕಾಶ ಮಾಡಿತು. ಕಾನೂನು ಕೊಡಿಸಬಲ್ಲದ್ದು ಅಷ್ಟು. ರಾತ್ರಿ ಎರಡು ಗಂಟೆಗೆ ಎದೆ ನೋವೆಂದಾಗ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಕೈಯನ್ನು ಯಾವ ಕಾನೂನೂ ಕೊಡಿಸಲಾರದು. ಆ ಕೈ ಯಾರದೆಂಬುದನ್ನು ಹೆಸರು ಹಿಡಿದು ನಿಶ್ಚಯಿಸದೆ ಹೊರಟವನ ಸಿದ್ಧತೆ ಮುಗಿದಿಲ್ಲ. ತಂಗಿಯೋ, ಭಾವನೋ, ನೆರೆಯವರೋ ಒಪ್ಪಿಕೊಂಡರೆ ಅವರಿಗೆ ಆ ಭಾರದ ಅರಿವಿರಬೇಕು. ಹೊರಡುವವನು ತಾನು ಅವರಿಗೆ ಋಣಿಯೆಂದು ಒಪ್ಪಿರಬೇಕು.

ಹೆಂಡತಿಯ ವಿಷಯವೂ ಹಾಗೆಯೇ. ಅವಳ ವಿದ್ಯೆಯೂ ವಿದ್ಯೆಯೇ. ಕೆಲವು ದೇಶಗಳಲ್ಲಿ ಅವಲಂಬಿತರಾಗಿ ಬಂದವರು ಉದ್ಯೋಗ ಮಾಡಬಹುದು; ಕೆಲವು ಕಡೆ ಮಾಡುವಂತಿಲ್ಲ. ಅಮೆರಿಕದಲ್ಲಿ ಎಚ್-1ಬಿ ವೀಸಾದವರ ಪತ್ನಿಯರಿಗೆ ಸಿಗುವ ಎಚ್-4 ವೀಸಾದಲ್ಲಿ ಎಲ್ಲರಿಗೂ ದುಡಿಯುವ ಹಕ್ಕಿಲ್ಲ; 2015ರ ನಿಯಮವು ಕೆಲವರಿಗೆ ಮಾತ್ರ ಆ ಅನುಮತಿಯನ್ನು ಕೊಟ್ಟಿತು. ಹದಿನೈದು ವರ್ಷ ಗಣಿತ ಕಲಿಸಿದವಳು ಅಲ್ಲಿ ಮನೆಯೊಳಗೆ ಕುಳಿತರೆ, ಗಂಡನ ಅಧ್ಯಾಪಕ ವೃತ್ತಿಗೆ ಇನ್ನೊಂದು ಅಧ್ಯಾಪಕ ವೃತ್ತಿಯನ್ನು ಬೆಲೆಯಾಗಿ ತೆತ್ತಂತೆ. ಅವಳು ತಿಳಿದು ಒಪ್ಪಿದರೆ ಅದು ತ್ಯಾಗ. ಅವಳನ್ನು ಕೇಳದೆ ಅವಳ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಂಡರೆ ಅದು ಅದತ್ತಾದಾನಕ್ಕೆ ಸಮೀಪವಾದ ದೋಷ, ಕೊಡದೆ ಇದ್ದುದನ್ನು ತೆಗೆದುಕೊಂಡದ್ದು.

ವಸ್ತುಗಳ ವಿಷಯದಲ್ಲಿಯೂ ವಿವೇಚಿಸಬೇಕಾದುದುಂಟು. ಪದವಿಪತ್ರಗಳ ದೃಢೀಕರಣ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ, ಮಗಳ ವರ್ಗಾವಣೆ ಪತ್ರ, ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸುವುದು, ಮನೆಯನ್ನು ಭೋಗ್ಯಕ್ಕೆ ಕೊಡುವುದು, ಇವೆಲ್ಲ ಮುಗಿದ ಮೇಲೆ ಕೊನೆಗೆ ಉಳಿಯುವುದು ಪೆಟ್ಟಿಗೆಗಳು. ಅನೇಕ ವಿಮಾನ ಸಂಸ್ಥೆಗಳು ಒಂದು ಪೆಟ್ಟಿಗೆಗೆ 23 ಕಿಲೋ ಎಂದು ಮಿತಿ ಇಟ್ಟಿವೆ. ವರ್ಷಗಟ್ಟಲೆ ಕೂಡಿಟ್ಟ ಸಂಸಾರದಲ್ಲಿ ನಿಜವಾಗಿ ಬೇಕಾದುದು ಎಷ್ಟು ಸ್ವಲ್ಪವೆಂದು ಅಂದು ಮನೆಯವರಿಗೆ ಕಾಣುತ್ತದೆ. ಆದರೆ ಇದನ್ನು ಪರಿಗ್ರಹ ಪರಿಮಾಣವೆಂದು ಭ್ರಮಿಸಬಾರದು. ತಕ್ಕಡಿ ಹಾಕಿದ ಮಿತಿ ವ್ರತವಲ್ಲ, ತಾನೇ ಹಾಕಿಕೊಂಡ ಮಿತಿ ವ್ರತ. ಬಿಟ್ಟ ಪಾತ್ರೆ ಪಡಗ, ಪುಸ್ತಕ, ಬಟ್ಟೆಗಳನ್ನು ಒಂದು ಕೋಣೆಗೆ ತುಂಬಿ ಬೀಗ ಹಾಕಿದರೆ ಯಾವುದನ್ನೂ ಬಿಟ್ಟಂತಾಗಲಿಲ್ಲ. ಉಪಯೋಗಿಸುವವರಿಗೆ ಕೊಟ್ಟು ಹೋದರೆ ಬಿಟ್ಟಂತಾಯಿತು.

ಕಾಲಧರ್ಮ ಬದಲಾಗುವಾಗ ಮೊದಲೇ ಎಲ್ಲೆ ಹಾಕಿಕೊಳ್ಳುವುದು ಹೇಗೆ ಸಾಧ್ಯ ಎಂದು ಕೇಳಬಹುದು. ಮಗಳ ಓದು, ಕಾಯಿಲೆ, ಅಲ್ಲಿಯ ಉದ್ಯೋಗದ ಏರಿಳಿತ ಯಾರ ಕೈಯಲ್ಲಿದೆ? ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಪೂರ್ವಾಚಾರ್ಯರು ದಿಗ್ವ್ರತದ ಜೊತೆಗೆ ದೇಶವ್ರತವನ್ನು ಹೇಳಿರುವುದೇ ಉತ್ತರ. ದಿಗ್ವ್ರತವು ಜೀವಿತಾವಧಿಯದು, ಅದನ್ನು ಗುರುಸಾಕ್ಷಿಯಾಗಿ ತೆಗೆದುಕೊಂಡು ಸಮುದ್ರವನ್ನು ಎಲ್ಲೆಯಾಗಿ ಇಟ್ಟವನು ಎಷ್ಟೇ ದೊಡ್ಡ ನೇಮಕಾತಿ ಬಂದರೂ ದಾಟಬಾರದು. ದೇಶವ್ರತವಾದರೋ ವರ್ಷ, ಆರು ತಿಂಗಳು, ತಿಂಗಳು, ಪಕ್ಷ ಎಂದು ಕಾಲಮಿತಿಯುಳ್ಳದ್ದು. ಅವಧಿ ಮುಗಿದಾಗ ಮತ್ತೆ ವಿಚಾರಿಸಿ ಮತ್ತೆ ನಿಶ್ಚಯಿಸಬಹುದಾದದ್ದು. ಪರದೇಶದ ವೃತ್ತಿಗೆ ಒಪ್ಪುವ ಮಾದರಿ ಇದು. ಮೂರು ವರ್ಷವೆಂದು ಹೇಳಿದವನು ಎರಡನೆಯ ವರ್ಷದ ಕೊನೆಯಲ್ಲಿ ಮನೆಗೆ ಬಂದು, ಎಲ್ಲರ ಮುಂದೆ ಕುಳಿತು, ಮುಂದಿನ ಮಾತನ್ನು ಎತ್ತಲಿ. ಅವಧಿಯನ್ನು ಬೆಳೆಸುವುದಾದರೆ ಎಲ್ಲರಿಗೂ ತಿಳಿಯುವಂತೆ, ಕಾರಣ ಹೇಳಿ, ಹಿರಿಯರ ಏರ್ಪಾಡನ್ನು ಹೊಸದಾಗಿ ಮಾಡಿ ಬೆಳೆಸಲಿ. ಎಲ್ಲೆಯನ್ನು ಬದಲಿಸುವುದಕ್ಕೂ ಮರೆಯುವುದಕ್ಕೂ ಇರುವ ಅಂತರ ದೊಡ್ಡದು.

ಮೋಹನದಾಸ ಗಾಂಧಿಯವರು 1888ರಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೊರಟಾಗ ಜಾತಿಯವರು ಬಹಿಷ್ಕಾರ ಹಾಕಿದರು. ತಾಯಿಯ ಚಿಂತೆ ಮಾತ್ರ ಬೇರೆ ಬಗೆಯದಾಗಿತ್ತು. ಬೇಚರ್‌ಜೀ ಸ್ವಾಮಿ ಎಂಬ ಜೈನ ಸಾಧುಗಳು ಮಾಂಸ, ಮದ್ಯ, ಪರಸ್ತ್ರೀಯರನ್ನು ಮುಟ್ಟೆನೆಂಬ ಪ್ರತಿಜ್ಞೆಯನ್ನು ಮಗನಿಂದ ಮಾಡಿಸಿದ ಮೇಲೆ ಆ ತಾಯಿ ಅನುಮತಿ ಕೊಟ್ಟರು. ಜಾತಿಯವರು ನೋಡಿದ್ದು ಸಮುದ್ರವನ್ನು, ತಾಯಿ ನೋಡಿದ್ದು ಮಗನ ಎಲ್ಲೆಯನ್ನು. ಹಡಗು ಎಷ್ಟು ದೂರ ಹೋದರೂ ಆ ಪ್ರತಿಜ್ಞೆ ಜೊತೆಯಲ್ಲಿ ಹೋಗಬಲ್ಲದೆಂಬ ನಂಬಿಕೆ ಅವರಿಗಿತ್ತು.

ಹೊರಡುವ ಕುಟುಂಬವು ಟಿಕೇಟು ಕಾದಿರಿಸುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಲಿ: ಎಷ್ಟು ಕಾಲ, ಎಷ್ಟು ಸಂಪಾದನೆ ಸಾಕು, ಹಿಂದೆ ಉಳಿದವರನ್ನು ನೋಡುವ ಕೈ ಯಾರದು, ಮತ್ತೆ ಕೂಡಿ ವಿಚಾರಿಸುವುದು ಯಾವಾಗ. ಅದನ್ನು ಹಿರಿಯರಿಗೂ ಮಗಳಿಗೂ ಓದಿ ಹೇಳಲಿ. ಒಂದು ಪ್ರತಿಯು ತಾಯಿಯ ಪೆಟ್ಟಿಗೆಯಲ್ಲಿ ಉಳಿಯಲಿ, ಇನ್ನೊಂದು ಪಾಸ್‌ಪೋರ್ಟಿನ ಜೊತೆಗೆ ಹೋಗಲಿ.