ತರ ಉಂಟು, ತಮ ಇಲ್ಲ

ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾಯ್ದು ಬಂದ ತುಂಗೆ ಶಿವಮೊಗ್ಗದ ಮಗ್ಗುಲಲ್ಲಿ ಹರಿಯುತ್ತಾಳೆ. ಭದ್ರೆ ಭದ್ರಾವತಿಯನ್ನು ಸೀಳಿಕೊಂಡು ಬರುತ್ತಾಳೆ. ಇಬ್ಬರೂ ಸೇರುವುದು ಕೂಡಲಿಯಲ್ಲಿ. ಆ ಸಂಗಮದ ಊರಿನಲ್ಲಿ ಎರಡು ಮಠಗಳಿವೆ: ಒಂದು ಶಂಕರರ ಪರಂಪರೆಯದು, ಇನ್ನೊಂದು ಅಕ್ಷೋಭ್ಯತೀರ್ಥರ ಪರಂಪರೆಯ ಮಾಧ್ವ ಮಠ. ಭೇದವೆಲ್ಲ ವ್ಯವಹಾರದ ಮಾತು, ಪರಮಾರ್ಥದಲ್ಲಿ ಎರಡೆಂಬುದಿಲ್ಲ ಎನ್ನುತ್ತದೆ ಮೊದಲನೆಯದು. ಭೇದ ಸತ್ಯ, ಜೀವಜೀವಕ್ಕೂ ಭೇದವಿದೆ, ಅದರಲ್ಲಿ ಮೇಲು ಕೆಳಗೂ ಸತ್ಯ ಎನ್ನುತ್ತದೆ ಎರಡನೆಯದು. ಈ ಮೇಲು ಕೆಳಗಿಗೆ ಮಾಧ್ವ ಶಾಸ್ತ್ರ ಇಟ್ಟ ಹೆಸರು ತಾರತಮ್ಯ. ಇಂದು ನಮ್ಮ ಬಾಯಲ್ಲಿ ಆ ಪದಕ್ಕೆ ಪಕ್ಷಪಾತ, ಅನ್ಯಾಯ ಎಂಬ ಅರ್ಥವೇ ಗಟ್ಟಿಯಾಗಿದೆ. ಮೂಲದಲ್ಲಿ ಅದು ಸಂಸ್ಕೃತದ ಎರಡು ಪ್ರತ್ಯಯಗಳಿಂದ ಹುಟ್ಟಿದ ಪದ. ಇಬ್ಬರಲ್ಲಿ ಒಬ್ಬ ಹೆಚ್ಚು ಎನ್ನಲು ‘ತರ’, ಎಲ್ಲರಿಗಿಂತ ಹೆಚ್ಚು ಎನ್ನಲು ‘ತಮ’. ಇಬ್ಬರು ಮಹಾ ಆಟಗಾರರ ದಾಖಲೆಗಳನ್ನು ಎದುರುಬದುರು ಇಟ್ಟು ‘ಯಾರು ದೊಡ್ಡವರು’ ಎಂದು ಕೇಳುವಾಗ ನಾವು ಈ ಎರಡು ಪ್ರತ್ಯಯಗಳನ್ನು ಕಲಸಿಬಿಡುತ್ತೇವೆ. ತರಕ್ಕೆ ಪುರಾವೆ ಸಿಗುತ್ತದೆ, ತಮಕ್ಕೆ ಸಿಗುವುದಿಲ್ಲ. ಹಿರಿಮೆ ಎಂಬುದು ಆ ಎರಡಕ್ಕೂ ಹೊರತಾದದ್ದು. ಈ ಲೇಖನದ ವಾದ ಇಷ್ಟೇ.

ಇದಕ್ಕೆ ಒಳ್ಳೆಯ ಉದಾಹರಣೆ ಭದ್ರಾವತಿಯಲ್ಲೇ ಹುಟ್ಟಿದೆ. 1949ರಲ್ಲಿ ಆ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಆಡಿ 6,080 ರನ್ ಗಳಿಸಿದರು, ಸರಾಸರಿ 41.93, ಶತಕಗಳು 14. ಅದೇ ಕಾಲದಲ್ಲಿ ಅದೇ ತಂಡಕ್ಕೆ ಆಡಿದ ಸುನಿಲ್ ಗಾವಸ್ಕರ್ 125 ಟೆಸ್ಟ್‌ಗಳಲ್ಲಿ 10,122 ರನ್ ಮಾಡಿದರು, ಸರಾಸರಿ 51.12, ಶತಕಗಳು 34. ಇಬ್ಬರೂ ಸಮಕಾಲೀನರು, ಸಂಬಂಧದಲ್ಲಿ ಭಾವಮೈದುನರು. ಲೆಕ್ಕವೇ ನ್ಯಾಯಾಧೀಶನಾದರೆ ತೀರ್ಪಿಗೆ ಒಂದು ನಿಮಿಷವೂ ಬೇಡ. ಹೆಚ್ಚು ರನ್ ಮಾಡಿದವರು ಗಾವಸ್ಕರ್. ಇದು ‘ತರ’, ಇದರಲ್ಲಿ ವಿವಾದವಿಲ್ಲ. ಆದರೂ ಅರ್ಧ ಶತಮಾನದಿಂದ ಆ ಮಾತು ಮುಗಿದಿಲ್ಲ. ಮುಗಿಯದಿರುವುದಕ್ಕೆ ಕನ್ನಡಿಗರ ಅಭಿಮಾನವೊಂದೇ ಕಾರಣವಾಗಿದ್ದರೆ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು, ಕ್ರಿಕೆಟಿಗರಾದ ರೋಹನ್ ಕನ್ಹಾಯ್, ಜೈಸಿಂಹರ ಜೊತೆಗೆ ವಿಶ್ವನಾಥರ ಹೆಸರನ್ನೂ ಸೇರಿಸಿ ಇಡುತ್ತಿರಲಿಲ್ಲ. ಅಂಕಿಗಳಲ್ಲಿ ಮುಂದಿದ್ದವರೇ ಅಂಕಿಗಳಲ್ಲಿ ಕಾಣದ್ದೇನನ್ನೋ ಕಂಡು ಗೌರವಿಸಿದ್ದರು.

ಬ್ಯಾಟಿಂಗ್‌ನಲ್ಲಿ ಇಬ್ಬರು ನೇರ ಎದುರಾಗುವುದಿಲ್ಲ, ಅದಕ್ಕೇ ಈ ಗೊಂದಲ. ಕುಸ್ತಿಯಲ್ಲೋ ಬಾಕ್ಸಿಂಗ್‌ನಲ್ಲೋ ಆದರೆ ಪ್ರಶ್ನೆ ಅಖಾಡದಲ್ಲೇ ಇತ್ಯರ್ಥವಾಗುತ್ತದೆ ಎನ್ನಬಹುದು. ಹಾಗಾದರೆ ಬಾಕ್ಸಿಂಗನ್ನೇ ನೋಡೋಣ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಜೋ ಫ್ರೇಜಿಯರ್ 15 ಸುತ್ತುಗಳ ಕಾದಾಟದಲ್ಲಿ ಮುಹಮ್ಮದ್ ಅಲಿಯನ್ನು ಸೋಲಿಸಿದರು. 1973ರಲ್ಲಿ ಆ ಫ್ರೇಜಿಯರನ್ನು ಜಾರ್ಜ್ ಫೋರ್‌ಮನ್ ಎರಡೇ ಸುತ್ತಿನಲ್ಲಿ ಕೆಡವಿದರು. 1974ರಲ್ಲಿ ಆ ಫೋರ್‌ಮನ್ನನ್ನು ಕಿನ್ಶಾಸಾದಲ್ಲಿ ಅಲಿ ನೆಲಕ್ಕುರುಳಿಸಿದರು. ಮೂವರೂ ಹೆವಿವೇಟ್ ಚಾಂಪಿಯನ್ನರು, ಮೂರೂ ಫಲಿತಾಂಶ ನಿಚ್ಚಳ. ಆದರೆ ಅವನ್ನು ಒಂದರ ಮೇಲೊಂದು ಜೋಡಿಸಿದರೆ ಏಣಿಯಾಗುವುದಿಲ್ಲ, ಗಾಲಿಯಾಗುತ್ತದೆ. ಅಲಿಗಿಂತ ಫ್ರೇಜಿಯರ್, ಫ್ರೇಜಿಯರ್‌ಗಿಂತ ಫೋರ್‌ಮನ್, ಫೋರ್‌ಮನ್‌ಗಿಂತ ಅಲಿ. ತರ ತರ ಎಂದು ಮೂರು ಮೆಟ್ಟಿಲು ಹತ್ತಿದವನು ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ. ಸೋಲಿಲ್ಲದ ದಾಖಲೆಯೇ ತಮ ಎನ್ನೋಣವೆಂದರೆ 49 ಪಂದ್ಯಗಳಲ್ಲಿ 49ನ್ನೂ ಗೆದ್ದ ರಾಕಿ ಮಾರ್ಸಿಯಾನೊ, 61ರಲ್ಲಿ 5 ಸೋತ ಅಲಿಗಿಂತ ನಿರ್ವಿವಾದವಾಗಿ ದೊಡ್ಡವರಾಗಬೇಕಿತ್ತು. ಹಾಗೆಂದು ಸಾಧಿಸಲು ಹೊರಟವರು ಮೊದಲ ಮಾತಿನಲ್ಲೇ ಎದುರಾಳಿಗಳ ಬಲ, ಕಾಲ, ವಯಸ್ಸು ಎಂದು ದಾಖಲೆಯಾಚೆಗಿನ ಸಂಗತಿಗಳಿಗೆ ಕೈಚಾಚುತ್ತಾರೆ. ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದೆ 1967ರಿಂದ 1970ರವರೆಗೆ ಅಲಿ ರಿಂಗಿನಿಂದ ಹೊರಗುಳಿದ ಮೂರೂವರೆ ವರ್ಷ ಆ ದಾಖಲೆಯಲ್ಲಿ ಬರೀ ಖಾಲಿ ಜಾಗ. ಆ ಬಾಳಿನ ಬಹುದೊಡ್ಡ ಪಂದ್ಯ ನಡೆದದ್ದು ಆ ಖಾಲಿ ಜಾಗದಲ್ಲಿ.

ತರಕ್ಕೆ ಅರ್ಥ ಬರಬೇಕಾದರೆ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿರಬೇಕು. ಗಾವಸ್ಕರ್‌ಗೆ ಕಾಲ ಕೇಳಿದ್ದು ಹೊಸ ಚೆಂಡಿನ ಪ್ರಶ್ನೆ: ದಣಿಯದ ವೇಗಿಗಳ ಎದುರು ಮೊದಲಿಗರಾಗಿ ನಡೆದು ಇಡೀ ದಿನ ಗೋಡೆಯಾಗಿ ನಿಲ್ಲಬಲ್ಲೆಯಾ? 1971ರ ಮೊದಲ ಸರಣಿಯಲ್ಲೇ ವೆಸ್ಟ್ ಇಂಡೀಸ್ ವಿರುದ್ಧ 774 ರನ್, ಮುಂದೆ ಅದೇ ತಂಡದ ಮೇಲೆ ಒಟ್ಟು 13 ಶತಕ ಅವರ ಉತ್ತರ. ವಿಶ್ವನಾಥರಿಗೆ ಕೇಳಿದ್ದು ಬೇರೆಯೇ ಪ್ರಶ್ನೆ: ಎಲ್ಲ ಕುಸಿಯುತ್ತಿರುವಾಗ ನಡುವೆ ಬಂದು, ಆಟದ ಚೆಲುವನ್ನು ಬಿಟ್ಟುಕೊಡದೆ ತಂಡವನ್ನು ಎತ್ತಬಲ್ಲೆಯಾ? ಅವರು ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗೆಲ್ಲಲು 403 ಬೇಕಿದ್ದಾಗ ಗಾವಸ್ಕರ್ 102, ವಿಶ್ವನಾಥ್ 112 ಮಾಡಿದರು. ಭಾರತ 4 ವಿಕೆಟ್‌ಗೆ 406 ಗಳಿಸಿ ಗೆದ್ದಿತು. ಆ ಗೆಲುವಿನಲ್ಲಿ 112 ದೊಡ್ಡದು, 102 ಸಣ್ಣದು ಎಂದು ಹತ್ತು ರನ್ನಿನ ವ್ಯತ್ಯಾಸ ಹಿಡಿದು ವಾದಿಸುವವನು ಗೆಲುವು ಹೇಗೆ ಬಂತೆಂಬುದನ್ನೇ ನೋಡಿಲ್ಲ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿರಲಿಲ್ಲ.

ಹಾಗಾದರೆ ದಾಖಲೆಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕೇ? ಇಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದು. ಲೆಕ್ಕವನ್ನು ಬಿಟ್ಟರೆ ಉಳಿಯುವುದು ಅವರವರ ಅಭಿಮಾನ, ಪ್ರತಿ ಊರಿಗೂ ತನ್ನ ಹುಡುಗನೇ ಮಹಾಪುರುಷ. ಇದಕ್ಕೂ ಕೂಡಲಿಯ ನಂಟಿನ ನಿದರ್ಶನವೊಂದಿದೆ. ಮುಳಬಾಗಿಲಿನಲ್ಲಿ ಅಕ್ಷೋಭ್ಯತೀರ್ಥರಿಗೂ ಶಂಕರರ ಅದ್ವೈತ ಪರಂಪರೆಯ ವಿದ್ಯಾರಣ್ಯರಿಗೂ ವಾದ ನಡೆದು ಅಕ್ಷೋಭ್ಯರೇ ಗೆದ್ದರೆಂದು ಮಾಧ್ವ ಪರಂಪರೆ ಹೇಳುತ್ತದೆ. ಅದ್ವೈತ ಪರಂಪರೆ ಅದನ್ನು ಒಪ್ಪುವುದಿಲ್ಲ. ಎರಡೂ ಕಡೆಯವರು ಒಪ್ಪುವ ದಾಖಲೆಯಿಲ್ಲದಾಗ ಗೆಲುವೂ ಶ್ರದ್ಧೆಯ ವಿಷಯವಾಗುತ್ತದೆ. ಆಕ್ಷೇಪದ ಈ ಭಾಗವನ್ನು ಪೂರ್ತಿ ಒಪ್ಪಬೇಕು. ದಾಖಲೆ ಬೇಕೇ ಬೇಕು, ಅದು ಪ್ರಮಾಣ. ಆದರೆ ನಮ್ಮ ತರ್ಕಶಾಸ್ತ್ರಗಳು ಪ್ರತಿ ಪ್ರಮಾಣಕ್ಕೂ ಅದರದೇ ವಿಷಯವಿದೆ ಎಂಬುದನ್ನು ಮರೆಯುವುದಿಲ್ಲ. ಕಣ್ಣು ಬಣ್ಣಕ್ಕೆ ಪ್ರಮಾಣ, ರಾಗಕ್ಕಲ್ಲ. ಅದರಿಂದ ಕಣ್ಣಿಗೆ ಕೊರತೆಯೂ ಇಲ್ಲ, ರಾಗ ಸುಳ್ಳೂ ಅಲ್ಲ. ಅಂಕಿಗಳು ಗಳಿಕೆಗೆ ಪ್ರಮಾಣ. ಸುಳ್ಳು ಹೊಗಳಿಕೆಯನ್ನು ತಳ್ಳಿಹಾಕಲು ಅವು ಸಾಕು; ಹಿರಿಮೆಯನ್ನು ತೂಗಿ ಕೊಡಲು ಸಾಲವು.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು. 1980ರ ಫೆಬ್ರವರಿ, ಮುಂಬಯಿಯ ವಾಂಖೆಡೆ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ನಾಯಕ ವಿಶ್ವನಾಥ್. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಆದರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥರಿಗೆ ಮನವರಿಕೆಯಾಯಿತು. ಅಂಪೈರ್ ಬಳಿ ಹೋಗಿ ಟೇಲರನ್ನು ಮರಳಿ ಕರೆಸಿದರು. ಟೇಲರ್ 43 ಮಾಡಿದರು, 114 ಹೊಡೆದ ಬೋಥಮ್ ಜೊತೆಗೂಡಿ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ತಂಡದ ಗೆಲುವನ್ನು ತನ್ನ ಔದಾರ್ಯಕ್ಕೆ ಬಲಿಕೊಡಲು ನಾಯಕನಿಗೆ ಹಕ್ಕೆಲ್ಲಿದೆ ಎಂದು ಕೇಳುತ್ತಾರೆ. ಅದು ಔದಾರ್ಯವಾಗಿದ್ದರೆ ಪ್ರಶ್ನೆ ನ್ಯಾಯವೇ. ಆದರೆ ಔದಾರ್ಯವೆಂದರೆ ತನ್ನದನ್ನು ಕೊಡುವುದು. ಬಾರದ ವಿಕೆಟ್ ತಂಡದ್ದಾಗಿರಲೇ ಇಲ್ಲ. ತನ್ನದಲ್ಲದ್ದನ್ನು ಹಿಂದಿರುಗಿಸುವುದಕ್ಕೆ ಸತ್ಯ ಎನ್ನುತ್ತಾರೆ, ಸತ್ಯಕ್ಕೆ ತಂಡದ ಒಪ್ಪಿಗೆ ಬೇಕಿಲ್ಲ. ಅಂಕಪಟ್ಟಿಯಲ್ಲಿ ಆ ದಿನದ ಲೆಕ್ಕವೆಂದರೆ ಒಂದು ಸೋಲು, ಅಷ್ಟೇ.

ಹಾಗಾದರೆ ರನ್ನಿನ ತಕ್ಕಡಿಯನ್ನು ಇಳಿಸಿ ಶೀಲದ ತಕ್ಕಡಿ ತೂಗುಹಾಕಿದಂತಾಯಿತಲ್ಲ, ಈಗ ಗಾವಸ್ಕರ್ ಕೆಳಗಾದರಲ್ಲ ಎಂಬುದು ಕೊನೆಯ ಆಕ್ಷೇಪ. ಹಾಗಾಗಲು ಬಿಟ್ಟರೆ ವಾದವೇ ಕೆಡುತ್ತದೆ. ಇದಕ್ಕೆ ಉತ್ತರ, ಆಶ್ಚರ್ಯವೆನಿಸಿದರೂ, ತಾರತಮ್ಯವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದ ಮಾಧ್ವ ದರ್ಶನದಲ್ಲೇ ಇದೆ. ಮೋಕ್ಷದಲ್ಲೂ ಜೀವರ ಆನಂದ ಒಂದೇ ಅಳತೆಯದಲ್ಲ ಎನ್ನುತ್ತದೆ ಆ ದರ್ಶನ. ಆದರೆ ಅಲ್ಲಿ ಅಸೂಯೆಯಿಲ್ಲ, ಏಕೆಂದರೆ ಪ್ರತಿಯೊಬ್ಬನೂ ತನ್ನ ಯೋಗ್ಯತೆಯಷ್ಟೂ ತುಂಬಿದವನು. ಬಿಂದಿಗೆಯೂ ಚೊಂಬೂ ಅಂಚಿನವರೆಗೆ ತುಂಬಿದ ಮೇಲೆ ಯಾವುದರಲ್ಲಿ ನೀರು ಹೆಚ್ಚೆಂದು ಕೇಳಬಹುದು, ಅದಕ್ಕೆ ಉತ್ತರವೂ ಇದೆ. ಯಾವುದು ಹೆಚ್ಚು ತುಂಬಿದೆ ಎಂದು ಕೇಳಲಾಗದು. ನೀರಿನ ಅಳತೆ ದಾಖಲೆ, ತುಂಬಿರುವುದು ಹಿರಿಮೆ. ಹಿರಿಮೆಯಲ್ಲಿ ಒಬ್ಬನ ಜಾಗವನ್ನು ಇನ್ನೊಬ್ಬ ಕಿತ್ತುಕೊಳ್ಳುವುದಿಲ್ಲ.

1975ರ ಜನವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತಾಗ ಭಾರತ 190ಕ್ಕೆ ಮುಗಿಯಿತು. ಒಂದು ಕಡೆಯಿಂದ ಜೊತೆಗಾರರು ಒಬ್ಬೊಬ್ಬರಾಗಿ ಹೊರಡುತ್ತಿದ್ದರೆ ಇನ್ನೊಂದು ಕಡೆ ಗಿಡ್ಡ ಮೈಕಟ್ಟಿನ ವಿಶ್ವನಾಥ್ ಅದೇ ಬೆಂಕಿ ಚೆಂಡುಗಳನ್ನು ಮಣಿಕಟ್ಟಿನ ತಿರುವಿನಲ್ಲಿ ಬೌಂಡರಿಗೆ ಕಳಿಸುತ್ತಿದ್ದರು. ಕೊನೆಯ ವಿಕೆಟ್ ಬಿದ್ದಾಗ ಅವರ ಲೆಕ್ಕ 97, ಔಟಾಗದೆ. ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಜಾಗವಿಲ್ಲ. ಅಲ್ಲಿ ಅದು ಮೂರು ರನ್ ಕಡಿಮೆ. ಆ ದಿನ ಆ ಬ್ಯಾಟಿನಿಂದ ಏನು ಬರಬೇಕಿತ್ತೋ ಅದರಲ್ಲಿ ಒಂದು ಹನಿಯೂ ಕಡಿಮೆಯಿರಲಿಲ್ಲ.