ಸುಂಕ ಸೊನ್ನೆ, ಹೊರೆ ಯಾರಿಗೆ?

ಆಮದು ಸುಂಕ ಅಂದ್ರೆ ವಿದೇಶದವರು ನಮಗೆ ಕಟ್ಟೋ ದುಡ್ಡು ಅಂತ ಬಹಳ ಜನ ತಿಳ್ಕೊಂಡಿದಾರೆ. ಅಲ್ಲ. ಕಟ್ಟೋನು ಇಲ್ಲಿಯ ಆಮದುದಾರ. ಆಮೇಲೆ ಅದನ್ನ ಬೆಲೆಗೆ ಸೇರಿಸ್ತಾನೆ. ಲೆಕ್ಕಕ್ಕೆ, ಕೆಜಿಗೆ 70 ರೂಪಾಯಿಯಂತೆ ಬಂದರಿಗೆ ಬಂದ ತೊಗರಿಗೆ ಶೇ. 10 ಸುಂಕ ಬಿದ್ರೆ 77 ಆಗ್ತದೆ. ಆಗ ಕಲಬುರಗಿ ಎಪಿಎಂಸಿಯಲ್ಲಿ ನಮ್ಮ ತೊಗರಿಗೂ 77ರ ತನಕ ಏರೋಕೆ ಜಾಗ ಇರ್ತದೆ. ಸುಂಕದ ಹಣ ಖಜಾನೆಗೆ. ರೈತನಿಗೆ ಸಿಗೋದು ಆ ಏಳು ರೂಪಾಯಿಯ ಜಾಗ ಅಷ್ಟೇ.

2017ರಲ್ಲಿ ತೊಗರಿ ಮೇಲೆ ಶೇ. 10 ಸುಂಕ ಬಂತು. 2021ರಲ್ಲಿ ಆಮದಿನ ಮಿತಿ ತೆಗೆದ್ರು. 2022-23ರಲ್ಲಿ ನಮ್ ಕಡಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿತು, ಬೇಳೆ ತುಟ್ಟಿಯಾಯ್ತು, ಮಾರ್ಚ್ 2023ರಲ್ಲಿ ಸುಂಕವೂ ಸೊನ್ನೆ. ಅದು ಸರಿಯೇ ಅನ್ನೋಣ. ಆದ್ರೆ 2025ರ ಜನವರಿ ನೋಡ್ರಿ. ಕಮಲಾಪುರ ಅಂದ್ರೆ ನಿಮಗೆ ಕೆಂಪು ಬಾಳೆ ನೆನಪಾಗಬಹುದು, ಅಲ್ಲಿಯ ಕರಿ ಹೊಲಗಳದ್ದು ತೊಗರಿ ಕಥೆ. ಹೊಸ ಫಸಲು ಚೀಲಕ್ಕೆ ಬೀಳ್ತಿದ್ದ ಅದೇ ತಿಂಗಳು, ಮಾರ್ಚ್ 2025ಕ್ಕೆ ಮುಗಿಯಬೇಕಿದ್ದ ಮುಕ್ತ ಆಮದನ್ನ ಮಾರ್ಚ್ 2026ಕ್ಕೆ ಮುಂದೂಡಿದ್ರು. ಬೆಂಬಲ ಬೆಲೆ ಕ್ವಿಂಟಲ್‌ಗೆ 7,550. ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳೀತು. ಬೆಳೆ ಹೋದಾಗ ಬೆಲೆ ಸಿಗಲಿಲ್ಲ, ಬೆಳೆ ಬಂದಾಗಲೂ ಇಲ್ಲ.

ಹಂಗಾದ್ರೆ ಸುಂಕ ಹಾಕಿಬಿಡಬೇಕಾ? ಬೆಂಗಳೂರಿನಲ್ಲಿ ಕೂತು ಬೇಳೆಗೆ ಹತ್ತು ರೂಪಾಯಿ ಹೆಚ್ಚು ಕೊಡೋದು ನನಗೆ ಕಷ್ಟವಲ್ಲ, ನಿಮಗೂ ಅಲ್ಲ. ಒಂದು ಕಾಫಿಗೆ ಅದಕ್ಕಿಂತ ಹೆಚ್ಚು ಕೊಡ್ತೀವಿ. ಆದ್ರೆ ಅದೇ ಎಪಿಎಂಸಿಯಲ್ಲಿ ತೊಗರಿ ಚೀಲ ಹೊರೋ ಹಮಾಲನೂ ಬೇಳೆ ಕೊಂಡೇ ತಿನ್ನಬೇಕು. ಅವನ ಪರವಾಗಿ ಹೂಂ ಅನ್ನೋಕೆ ನಾನ್ಯಾರು? ಮೊಜಾಂಬಿಕ್‌ನ ಸಣ್ಣ ರೈತನೂ ಇದಾನೆ. 2016ರಲ್ಲಿ ಆ ದೇಶದ ಜೊತೆ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತೊಗರಿ ತರೋ ಒಪ್ಪಂದ ಮಾಡಿದ್ದು ನಾವೇ. ನಮ್ಮನ್ನ ನಂಬಿ ಬಿತ್ತಿದವನ ಮುಖಕ್ಕೆ ದಿಢೀರನೆ ಬಾಗಿಲು ಹಾಕಿದ್ರೆ ಅದೂ ಮೋಸವೇ.

ಅದಕ್ಕೇ ನನಗೆ ಸುಂಕ ಎಷ್ಟು ಅನ್ನೋದಕ್ಕಿಂತ ಯಾವಾಗ ಬದಲಾಯಿಸ್ತಾರೆ ಅನ್ನೋದು ದೊಡ್ಡ ಪ್ರಶ್ನೆ. ಬಿತ್ತೋದು ಜೂನ್-ಜುಲೈನಲ್ಲಿ, ರಾಶಿ ಡಿಸೆಂಬರ್ ಹೊತ್ತಿಗೆ. ಸುಂಕ ಐದಿರಲಿ, ಹತ್ತಿರಲಿ, ಸೊನ್ನೆಯೇ ಇರಲಿ, ಕೂರಿಗೆ ಹೂಡೋ ಮೊದಲೇ ಹೇಳಲಿ, ರಾಶಿ ಮಾರೋ ತನಕ ಮುಟ್ಟದಿರಲಿ. ಬೆಲೆ ನೋಡಿ ತೊಗರಿ ಬಿಟ್ಟು ಸೋಯಾನೋ ಹತ್ತಿಯೋ ಹಾಕೋ ಆಯ್ಕೆ ಅವನಿಗೆ ಜೂನ್‌ನಲ್ಲಿ ಇರ್ತದೆ, ಜನವರಿಯಲ್ಲಿ ಇರೋದಿಲ್ಲ.